ಪೂರ್ವ ಟಿಮೋರ್ ನಮಗೇನು?

ಪ್ರಶ್ನೆ: ಪೂರ್ವ ಟಿಮೋರ್‌ನಂತಹ ಪುಟ್ಟ ದೇಶದ ಸುದ್ದಿಯನ್ನು ನಮ್ಮ ಮಲೆನಾಡಿನವರು ಏಕೆ ಓದಬೇಕು?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಎಲೆ ತುಕ್ಕು ರೋಗವನ್ನು ತಡೆದುಕೊಳ್ಳಲೆಂದು ನಿಮ್ಮ ಸುತ್ತಲಿನ ಬೆಳೆಗಾರರು ನೆಟ್ಟಿರುವ ಚಂದ್ರಗಿರಿ ಕಾಫಿ ತಳಿಯ ಒಂದು ಮೂಲವೆಂದರೆ, ಅರೇಬಿಕಾ ಮತ್ತು ರೊಬಸ್ಟಾ ತಾವಾಗಿಯೇ ಬೆರೆತು ಟಿಮೋರ್ ದ್ವೀಪದಲ್ಲಿ ಹುಟ್ಟಿದ ಕಾಫಿ ಗಿಡ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಆ ವಂಶವನ್ನೇ ಬಳಸಿಕೊಂಡಿತು. ಆ ನೆಲದ ಜನರ ಪಾಡು ಅದಕ್ಕಿಂತ ದೊಡ್ಡ ಕಾರಣ. ಪೋರ್ಚುಗೀಸರ ಆಡಳಿತ ಕುಸಿದ ಬೆನ್ನಿಗೇ, 1975ರಲ್ಲಿ, ಇಂಡೊನೇಷ್ಯಾದ ಸೇನೆ ಅಲ್ಲಿಗೆ ನುಗ್ಗಿತು. ಆಗ ಬಲಿಷ್ಠ ರಾಷ್ಟ್ರಗಳು ತೋರಿದ ಉದಾಸೀನ ನನ್ನನ್ನು ಇಂದಿಗೂ ನೋಯಿಸುತ್ತದೆ. 1999ರ ಜನಮತಗಣನೆಯಲ್ಲಿ, ಬೆದರಿಕೆಗಳ ನಡುವೆಯೂ, ಶೇಕಡ 78ಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯಕ್ಕೆ ಮತ ನೀಡಿದರು. ಅದರ ಸೇಡಿಗೆ ಊರೂರುಗಳನ್ನೇ ಸುಡಲಾಯಿತು. 2002ರಲ್ಲಿ ಸ್ವತಂತ್ರವಾದ ಈ ದೇಶವನ್ನು 2025ರಲ್ಲಿ ಆಗ್ನೇಯ ಏಷ್ಯಾ ರಾಷ್ಟ್ರಗಳ ಒಕ್ಕೂಟವಾದ ಆಸಿಯಾನ್ ತನ್ನ 11ನೆಯ ಸದಸ್ಯನನ್ನಾಗಿ ಸೇರಿಸಿಕೊಂಡಾಗ, ಅದನ್ನು ಬೆಂಬಲಿಸಿದವರಲ್ಲಿ ಇಂಡೊನೇಷ್ಯಾವೂ ಇತ್ತು.