ಹೀಟಿಂಗ್ ನೆರವಿನ ಹಣ: ಬಾಡಿಗೆದಾರರದೋ, ಮನೆ ಮಾಲೀಕರದೋ?

ಪ್ರಶ್ನೆ: ಮಾನ್ಯರೆ, ನಾನು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಎರಡು ಸಂಸಾರಗಳಿರುವ ಮನೆಯೊಂದರ ಮಹಡಿಯನ್ನು ಬಾಡಿಗೆಗೆ ಪಡೆದು ಮಗಳೊಂದಿಗೆ ವಾಸವಾಗಿದ್ದೇನೆ. ಅಂಗಡಿಯೊಂದರ ಅರೆಕಾಲಿಕ ಕೆಲಸದ ಸಂಬಳವೇ ನಮ್ಮ ಆದಾಯ. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಗ್ಯಾಸಿನ ಖರ್ಚು ಬಾಡಿಗೆಯಲ್ಲೇ ಸೇರಿದ್ದು, ಬಿಲ್ಲು ಮಾಲೀಕರ ಹೆಸರಿಗೆ ಬರುತ್ತದೆ. ಈ ಖರ್ಚಿಗೆ ನೆರವು ಕೊಡುವ ರಾಜ್ಯದ ಹೋಮ್ ಹೀಟಿಂಗ್ ಕ್ರೆಡಿಟ್‌ಗೆ ಅರ್ಜಿ ಸಲ್ಲಿಸಿದ್ದೆ. ನನ್ನ ಹೆಸರಿಗೆ ಚೆಕ್ ಬಂದಿದೆ. ಸಂಗತಿ ತಿಳಿದ ಮಾಲೀಕರು ಈ ವರ್ಷದ ಗ್ಯಾಸ್ ಬಿಲ್ಲುಗಳನ್ನು ತಂದು, ಏರಿದ ಮೊತ್ತಗಳಿಗೆ ಕೆಂಪು ಗೆರೆ ಎಳೆದು ತೋರಿಸಿ, ‘ಬಿಲ್ಲು ಕಟ್ಟುವವನು ನಾನು, ಹಣವೂ ನನಗೇ ಸೇರಬೇಕು’ ಎಂದರು. ಕೊಡದಿದ್ದರೆ ಮುಂದಿನ ತಿಂಗಳಿನಿಂದಲೇ ಬಾಡಿಗೆ ಹೆಚ್ಚಿಸುತ್ತಾರಂತೆ. ನಮ್ಮ ಬಾಡಿಗೆ ಕರಾರು (ಲೀಸ್) ಮುಗಿಯಲು ಇನ್ನೂ ಏಳು ತಿಂಗಳಿದೆ. ನ್ಯಾಯ ಯಾರ ಕಡೆಗಿದೆ?

ಉತ್ತರ: ಚೆಕ್ ನಿಮ್ಮದು. ನಿಮ್ಮ ಮಾಲೀಕರ ಮಾತು ಮೇಲ್ನೋಟಕ್ಕೆ ಸರಿಯೆನಿಸುವುದರಿಂದ, ಅದು ಏಕೆ ನಿಲ್ಲುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಮಿಷಿಗನ್‌ನ ಈ ಕ್ರೆಡಿಟ್‌ಗೆ ಹಣ ಬರುವುದು ಕಡಿಮೆ ಆದಾಯದ ಕುಟುಂಬಗಳಿಗೆಂದು ಅಮೆರಿಕದ ಕೇಂದ್ರ ಸರ್ಕಾರ ನಡೆಸುವ ಇಂಧನ ನೆರವಿನ ಯೋಜನೆಯಿಂದ. ಅಲ್ಲಿ ಎಲ್ಲರೂ ಲೈಹೀಪ್ ಎಂದು ಕರೆಯುವ ಈ ಯೋಜನೆ 1981ರ ಕಾಯ್ದೆಯಿಂದ ಹುಟ್ಟಿದ್ದು. ಹಣ ಪಡೆಯುವ ಪ್ರತಿಯೊಂದು ರಾಜ್ಯವೂ ಸ್ವಂತ ಮನೆಯವರನ್ನೂ ಬಾಡಿಗೆದಾರರನ್ನೂ ನ್ಯಾಯವಾಗಿ ಸಮನಾಗಿ ಕಾಣುವುದಾಗಿ ಭರವಸೆ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಬಿಲ್ಲು ತನ್ನ ಹೆಸರಿನಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಬಾಡಿಗೆದಾರನನ್ನು ಹೊರಗಿಟ್ಟರೆ ಆ ಭರವಸೆಗೆ ಬೆಲೆಯಿರುವುದಿಲ್ಲ, ಏಕೆಂದರೆ ಬಾಡಿಗೆಯಲ್ಲಿ ಹೀಟಿಂಗ್ ಸೇರಿದೆ ಎಂದರೆ ಅದರ ಖರ್ಚನ್ನು ಬಾಡಿಗೆದಾರನೇ ಪ್ರತಿ ತಿಂಗಳೂ, ಬೇಸಿಗೆಯ ತಿಂಗಳುಗಳಲ್ಲಿ ಕೂಡ, ಕಂತಿನಂತೆ ಕಟ್ಟುತ್ತಿದ್ದಾನೆ ಎಂದೇ ಅರ್ಥ. ಮಾಲೀಕರು ಗ್ಯಾಸ್ ಕಂಪನಿಗೆ ಕಟ್ಟುವುದು ನಿಮ್ಮಂಥವರಿಂದ ಬಂದ ಬಾಡಿಗೆಯಿಂದಲೇ.

ಮಿಷಿಗನ್ ಇಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಲೆಕ್ಕ ಹಾಕಿದೆ. ಹೀಟಿಂಗ್ ಖಾತೆ ಅರ್ಜಿದಾರರ ಹೆಸರಿನಲ್ಲೇ ಇದ್ದರೆ ನೆರವು ಸಾಮಾನ್ಯವಾಗಿ ಗ್ಯಾಸ್ ಅಥವಾ ವಿದ್ಯುತ್ ಕಂಪನಿಯ ಬಿಲ್ಲಿಗೇ ಸಲ್ಲುತ್ತದೆ. ಖರ್ಚು ಬಾಡಿಗೆಯಲ್ಲಿ ಸೇರಿದ್ದರೆ ಪೂರ್ಣ ಕ್ರೆಡಿಟ್‌ನ ಅರ್ಧ ಮಾತ್ರ ಮಂಜೂರಾಗುತ್ತದೆ, ಮತ್ತು ಅದು ಚೆಕ್ ರೂಪದಲ್ಲಿ ಅರ್ಜಿದಾರರ ಕೈಗೇ ಬರುತ್ತದೆ. ಈ ಅರ್ಧದ ಕಡಿತವನ್ನು ಗಮನಿಸಿ. ಬಾಡಿಗೆದಾರರಿಗೆ ಚಳಿಗಾಲದ ಬೆಲೆಯೇರಿಕೆ ನೇರವಾಗಿ ತಟ್ಟುವುದಿಲ್ಲ, ಅದನ್ನು ಮಾಲೀಕರು ಸ್ವಲ್ಪ ಕಾಲ ಹೊರುತ್ತಾರೆ ಎಂಬುದನ್ನು ಈಗಾಗಲೇ ಲೆಕ್ಕಕ್ಕೆ ಹಿಡಿದಂತೆ ಇದು ನನಗೆ ಕಾಣುತ್ತದೆ. ಹಾಗಿರುವಾಗ ಉಳಿದ ಅರ್ಧವನ್ನೂ ನಿಮ್ಮಿಂದ ಕೇಳಿದರೆ, ಕಡಿತವನ್ನು ಎರಡು ಸಲ ಮಾಡಿದಂತಾಗುತ್ತದೆ.

ಇನ್ನು ಬಾಡಿಗೆಯ ಬೆದರಿಕೆ. ನಿಗದಿತ ಅವಧಿಯ ಲೀಸ್ ಇದ್ದು, ನಡುವೆ ಬಾಡಿಗೆ ಏರಿಸಬಹುದೆಂಬ ಷರತ್ತು ಅದರಲ್ಲಿ ಇಲ್ಲದಿದ್ದರೆ, ಮುಂದಿನ ಏಳು ತಿಂಗಳು ಮಾಲೀಕರು ಒಂದು ಡಾಲರನ್ನೂ ಹೆಚ್ಚಿಸುವಂತಿಲ್ಲ. ದಯವಿಟ್ಟು ಲೀಸ್ ಅನ್ನು ಇನ್ನೊಮ್ಮೆ ಕೊನೆಯ ಪುಟದವರೆಗೂ ಓದಿ. ಇಂಥ ಷರತ್ತುಗಳು ಬಹುಮಟ್ಟಿಗೆ ಸಣ್ಣ ಅಕ್ಷರಗಳಲ್ಲಿ ಇರುತ್ತವೆ. ಸಿಟ್ಟಿನಲ್ಲಿ ಅವರು ಹೀಟಿಂಗ್ ನಿಲ್ಲಿಸಿದರೆ ಅದು ಕಾನೂನುಬಾಹಿರ, ಪರಿಹಾರ ಕೇಳುವ ಹಕ್ಕು ನಿಮಗಿದೆ. ಆದರೆ ಲೀಸ್ ಮುಗಿದ ಮೇಲಿನ ಸ್ಥಿತಿ ಬೇರೆ, ಅದನ್ನು ಮುಚ್ಚಿಡುವುದು ನಿಮಗೆ ಉಪಕಾರವಲ್ಲ. ಮಿಷಿಗನ್‌ನಲ್ಲಿ ಬಾಡಿಗೆ ನಿಯಂತ್ರಣವಿಲ್ಲ. ನಗರಗಳು ಅಂಥ ನಿಯಮ ತರದಂತೆ 1988ರಿಂದ ರಾಜ್ಯದ ಕಾನೂನೇ ತಡೆದಿದೆ. ಹೊಸ ಲೀಸ್ ಬರೆಯುವಾಗ ಗ್ಯಾಸಿನ ನಿಜವಾದ ಖರ್ಚನ್ನು ತೋರಿಸಿ ಅವರು ಹೆಚ್ಚು ಕೇಳಬಹುದು, ಮತ್ತು ಆ ಕೇಳಿಕೆ ನ್ಯಾಯವಾದದ್ದೂ ಆಗಿರಬಹುದು. ಅವರು ಕೆಂಪು ಗೆರೆ ಎಳೆದ ಬಿಲ್ಲುಗಳು ಸುಳ್ಳಲ್ಲ. ಆ ಭಾರವನ್ನು ಹಂಚಿಕೊಳ್ಳುವ ಮಾತು ನಡೆಯಬೇಕಾದದ್ದು ಹೊಸ ಲೀಸ್‌ನ ಸಮಯದಲ್ಲಿ, ನಿಮ್ಮ ಚೆಕ್ಕಿನ ಮೇಲಲ್ಲ.

ಚೆಕ್ ಕೊಡಲಾರೆನೆಂಬುದನ್ನು ಗೌರವದಿಂದ, ಬರವಣಿಗೆಯಲ್ಲಿ ತಿಳಿಸಿ, ಆ ಪತ್ರದ ಒಂದು ನಕಲನ್ನು ಇಟ್ಟುಕೊಳ್ಳಿ. ಲೀಸ್ ನವೀಕರಿಸುವಾಗ ಬಾಡಿಗೆ ಎಷ್ಟು, ಅದರಲ್ಲಿ ಹೀಟಿಂಗ್ ಪಾಲು ಎಷ್ಟು ಎಂದು ಬೇರೆ ಬೇರೆಯಾಗಿ ಬರೆಸಿಕೊಂಡರೆ ಈ ಜಗಳ ಮತ್ತೆ ಏಳದು. ಮುಂದೆ ಸರ್ಕಾರಿ ಸಹಾಯಧನದ ಮನೆಗೆ ಹೋಗುವ ಸಂದರ್ಭ ಬಂದರೆ ಇದೂ ನೆನಪಿರಲಿ: ಲೈಹೀಪ್ ನೆರವನ್ನು ಕುಟುಂಬದ ಆದಾಯವೆಂದು ಲೆಕ್ಕ ಹಿಡಿಯಬಾರದೆಂದು ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. ಆದ್ದರಿಂದ ಅದನ್ನು ಆದಾಯಕ್ಕೆ ಸೇರಿಸಿ ಬಾಡಿಗೆ ಏರಿಸಲು ಬರುವುದಿಲ್ಲ.

ಪ್ರಶ್ನೆ: ಓಹಾಯೊದಲ್ಲಿ ನಾಲ್ಕು ಮನೆಗಳ ಕಟ್ಟಡವೊಂದರ ಮಾಲೀಕ ನಾನು. ಸರ್ಕಾರದ ವೆದರೈಸೇಷನ್ (ಮನೆಯ ಶಾಖ ಪೋಲಾಗದಂತೆ ಮಾಡುವ) ಯೋಜನೆಯಡಿ ಗೋಡೆಗಳಿಗೆ ಶಾಖ ಹೊರಹೋಗದಂತೆ ತಡೆಯುವ ಇನ್ಸುಲೇಷನ್ ತುಂಬಿ, ಮನೆ ಬೆಚ್ಚಗಿಡುವ ಫರ್ನೇಸ್ ಸರಿಪಡಿಸಿಕೊಡುತ್ತೇವೆ ಎಂದು ಸ್ಥಳೀಯ ಸಂಸ್ಥೆಯವರು ಬಂದಿದ್ದಾರೆ. ಆದರೆ ಆ ಕೆಲಸದ ಕಾರಣಕ್ಕೆ ಬಾಡಿಗೆ ಏರಿಸುವುದಿಲ್ಲ ಎಂದು ಸಹಿ ಹಾಕಬೇಕಂತೆ. ನನ್ನ ಕಟ್ಟಡಕ್ಕೆ ನಾನೇ ಕೈಕಟ್ಟಿಸಿಕೊಂಡಂತೆ ಆಗುವುದಿಲ್ಲವೇ?

ಉತ್ತರ: ಈ ಯೋಜನೆ 1976ರಿಂದ ನಡೆಯುತ್ತಿದ್ದು, ಅದರ ಹಣ ಮಂಜೂರಾಗುವುದು ಕಟ್ಟಡದಲ್ಲಿ ವಾಸಿಸುವ ಕಡಿಮೆ ಆದಾಯದವರ ಹೆಸರಿನಲ್ಲಿ. ನಿಮ್ಮಂಥ ನಾಲ್ಕು ಮನೆಗಳ ಕಟ್ಟಡದಲ್ಲಿ ಅರ್ಧದಷ್ಟು ಮನೆಗಳು, ಅಂದರೆ ಎರಡು ಸಂಸಾರಗಳು ಅರ್ಹವಾಗಿದ್ದರೆ ಇಡೀ ಕಟ್ಟಡದ ಕೆಲಸ ಮಾಡಿಸಬಹುದು. ದೊಡ್ಡ ಕಟ್ಟಡಗಳಿಗೆ ಈ ಪ್ರಮಾಣ ಸಾಮಾನ್ಯವಾಗಿ ಶೇಕಡಾ 66. ಈಗ ಹಣದ ದಾರಿಯನ್ನು ನೋಡಿ. ಅರ್ಹತೆ ಬಾಡಿಗೆದಾರರದು. ಆದರೆ ಅವರು ಮನೆ ಬಿಟ್ಟು ಹೋದ ಮೇಲೆ ಗೋಡೆಯೊಳಗಿನ ಇನ್ಸುಲೇಷನ್ ನಿಮ್ಮ ಆಸ್ತಿಯಾಗಿ ಉಳಿಯುತ್ತದೆ. ಹೀಗಿರುವಾಗ ಅದೇ ಕೆಲಸವನ್ನು ತೋರಿಸಿ ಅವರಿಂದ ಹೆಚ್ಚು ಬಾಡಿಗೆ ಪಡೆದರೆ, ಬಡವರಿಗೆಂದು ಬಂದ ನೆರವು ಬಡವರ ಜೇಬಿನಿಂದಲೇ ನಿಮ್ಮ ಕಡೆಗೆ ಹರಿದಂತಾಗುತ್ತದೆ. ಅದನ್ನು ತಡೆಯುವುದಕ್ಕಾಗಿಯೇ ಆ ಷರತ್ತು ಇರುವುದು, ಮತ್ತು ಅದು ಸರಿಯಾದ ಷರತ್ತು ಎಂದೇ ನನ್ನ ಅಭಿಪ್ರಾಯ.

ನಿಮ್ಮ ಕೈ ಪೂರ್ತಿ ಕಟ್ಟಿದಂತೇನೂ ಆಗುವುದಿಲ್ಲ. ಕೆಲಸ ಮುಗಿದ ಮೇಲೆ ಒಂದು ಸಮಂಜಸ ಅವಧಿಯವರೆಗೆ ಮಾತ್ರ ನಿರ್ಬಂಧ. ಆ ಅವಧಿಯಲ್ಲೂ ಆಸ್ತಿ ತೆರಿಗೆಯಂಥ ಬೇರೆ ಕಾರಣಕ್ಕೆ ಬಾಡಿಗೆ ಏರಿಸಬಹುದು, ಆದರೆ ಬಾಡಿಗೆದಾರರು ದೂರು ಕೊಟ್ಟರೆ ಏರಿಕೆಗೂ ಈ ಕೆಲಸಕ್ಕೂ ಸಂಬಂಧವಿಲ್ಲವೆಂದು ತೋರಿಸುವ ಹೊಣೆ ನಿಮ್ಮದು. ಹೀಟಿಂಗ್ ಅನ್ನು ಬಾಡಿಗೆಯಲ್ಲಿ ಸೇರಿಸಿ ಕಟ್ಟುವವರಿಗೂ ಈ ರಕ್ಷಣೆ ಅನ್ವಯಿಸುತ್ತದೆ. ಸಹಿ ಹಾಕುವ ಮೊದಲು ಆ ಅವಧಿ ಎಷ್ಟು ತಿಂಗಳೆಂಬುದನ್ನೂ, ಖರ್ಚಿನಲ್ಲಿ ನಿಮ್ಮ ಪಾಲು ಕೇಳುತ್ತಾರೆಯೇ ಎಂಬುದನ್ನೂ ಸಂಸ್ಥೆಯಿಂದ ಬರವಣಿಗೆಯಲ್ಲಿ ಪಡೆಯಿರಿ, ಮತ್ತು ಈ ವರ್ಷದ ತೆರಿಗೆ ರಸೀದಿಗಳನ್ನೂ ಈಗಿನ ನಾಲ್ಕೂ ಲೀಸ್‌ಗಳನ್ನೂ ಒಂದೇ ಫೈಲಿನಲ್ಲಿ ಜೋಡಿಸಿಡಿ.