ಮಂಗಳೂರಿನಲ್ಲಿ ಹೆಣ್ಣುಮಕ್ಕಳ ಓದಿಗೆ ಕೆಥೋಲಿಕ್ ಶಾಲೆಗಳು ಹೇಗೆ ನೆರವಾದವು?

ಮುಖ್ಯವಾಗಿ ಶಿಕ್ಷಕಿಯರನ್ನು ತಯಾರು ಮಾಡುವ ಮೂಲಕ. ಶಾಲೆ ತೆರೆದದ್ದಕ್ಕಿಂತ ಇದೇ ದೊಡ್ಡ ಕೊಡುಗೆ ಎನ್ನುತ್ತೇನೆ.

ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಪ್ರೊಟೆಸ್ಟಂಟರು ಮೊದಲೇ ಶಾಲೆ ನಡೆಸುತ್ತಿದ್ದರು. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಎಂಬ ಕೆಥೋಲಿಕ್ ಧಾರ್ಮಿಕ ಸಭೆಯ ಸನ್ಯಾಸಿನಿಯರು ಬಂದು ಸಂತ ಆನ್ನರ ಹೆಸರಿನಲ್ಲಿ ಹುಡುಗಿಯರ ಶಾಲೆ ಶುರುಮಾಡಿದರು. ಆಗಿನ ತೊಡಕು ಕಟ್ಟಡವೊಂದೇ ಅಲ್ಲ. ಮಗಳು ಸ್ವಲ್ಪ ದೊಡ್ಡವಳಾದರೆ ಗಂಡಸರು ಪಾಠ ಹೇಳುವ ಕಡೆ ಕಳಿಸಲು ಮನೆಯವರು ಒಪ್ಪುತ್ತಿರಲಿಲ್ಲ. ಪಾಠ ಹೇಳುವಷ್ಟು ಓದಿದ ಹೆಂಗಸರೋ ಬೆರಳೆಣಿಕೆ. ಸನ್ಯಾಸಿನಿಯರು ತಾವೇ ಕಲಿಸಿದರು, ಜೊತೆಗೆ ತರಬೇತಿಯನ್ನೂ ಕೊಟ್ಟರು. ಶಿಕ್ಷಕಿಯಾಗುವವಳು ಪಾಠದ ಟಿಪ್ಪಣಿ ಬರೆದು, ನಿಜವಾದ ತರಗತಿಯಲ್ಲೇ ಸೀಮೆಸುಣ್ಣ ಹಿಡಿದು ಕಲಿಸಬೇಕು. ಹಿಂದಿನ ಬೆಂಚಿನಲ್ಲಿ ಕೂತ ಹಿರಿಯರು ತಪ್ಪು ಗುರುತಿಸಿ ತಿದ್ದುತ್ತಾರೆ. ಹೀಗೆ ಪಳಗಿದ ಒಬ್ಬಳು ಹಳ್ಳಿಯ ಶಾಲೆಗೆ ಹೋದರೆ ಅಲ್ಲಿ ವರ್ಷ ವರ್ಷವೂ ಹೊಸ ಹುಡುಗಿಯರು ಸೇರುತ್ತಾರೆ. 1921ರಲ್ಲಿ ಇದೇ ಸಭೆ ಸಂತ ಆಗ್ನೆಸ್ ಮಹಿಳಾ ಕಾಲೇಜನ್ನು ಆರಂಭಿಸುವ ಹೊತ್ತಿಗೆ ಕಾಲೇಜು ಸೇರಬಲ್ಲ ಹುಡುಗಿಯರು ಊರಲ್ಲೇ ಇದ್ದರು.

ಖರ್ಚು? ಸನ್ಯಾಸಿನಿಯರ ಸಂಬಳ ಅವರ ಕೈಗಲ್ಲ, ಮಠದ ಸಾಮೂಹಿಕ ನಿಧಿಗೆ ಹೋಗುತ್ತದೆ. ಅನುದಾನಿತ ಶಾಲೆಯಲ್ಲಿ ಮಂಜೂರಾದ ಹುದ್ದೆಗಳಿಗೆ ಸರಕಾರ ಸಂಬಳ ಕೊಡುತ್ತದೆ, ಕಟ್ಟಡದ ಹೊಣೆ ಆಡಳಿತ ಮಂಡಳಿಯದು. ಹಾಗಾಗಿ ಶುಲ್ಕ ಕಡಿಮೆ, ಬಡವರ ಮನೆಯ ಹುಡುಗಿಗೂ ಜಾಗ. ಈಗ ಪೆಟ್ಟು ಬೀಳುತ್ತಿರುವುದು ಇಲ್ಲೇ: ನಿವೃತ್ತರಾದವರ ಹುದ್ದೆ ಖಾಲಿ ಉಳಿದರೆ ಆ ಜಾಗದಲ್ಲಿ ಕಲಿಸುವವರ ಸಂಬಳವನ್ನು ಶಾಲೆಯೇ ಹೊಂದಿಸಬೇಕು, ಹೊರೆ ಶುಲ್ಕದ ಮೇಲೆ ಬೀಳುತ್ತದೆ.