ಮನೆಯ ನೆಟ್‌ವರ್ಕ್‌ನಲ್ಲಿ ಶೇರ್ ಮಾಡಿದ ಪ್ರಿಂಟರ್ ಪದೇ ಪದೇ ‘ಆಫ್‌ಲೈನ್’ ಅನ್ನುವುದು ಯಾಕೆ?

ನಿಮ್ಮ ಪರಿಸ್ಥಿತಿ ನನಗೆ ಅರ್ಥವಾದದ್ದು ಹೀಗೆ. ಪ್ರಿಂಟರನ್ನು ಡೆಸ್ಕ್‌ಟಾಪ್‌ಗೆ ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ವಿಂಡೋಸ್‌ನಲ್ಲಿ ಶೇರ್ ಮಾಡಿದ್ದೀರಿ. ಲ್ಯಾಪ್‌ಟಾಪ್‌ಗಳಿಂದ ಒಂದು ದಿನ ಪ್ರಿಂಟ್ ಬರುತ್ತದೆ, ಮರುದಿನ ‘ಆಫ್‌ಲೈನ್’. ಫೋನ್‌ಗಳಿಗಂತೂ ಪ್ರಿಂಟರ್ ಕಾಣುವುದೇ ಇಲ್ಲ. ಪ್ರಿಂಟರ್‌ನಲ್ಲಿ ವೈ-ಫೈ ಇದೆ, ಆದರೆ ಅದರ ಪಟ್ಟಿಯಲ್ಲಿ ನಿಮ್ಮ ವೈ-ಫೈ ಹೆಸರು ಬರಲಿಲ್ಲ ಅಂತ ಆ ದಾರಿ ಬಿಟ್ಟಿರಿ. ಈಗ ಹೊಸ ಪ್ರಿಂಟರ್ ತರಬೇಕಾ ಅಂತ ಕೇಳಿದ್ದೀರಿ.

ಬೇಡ. ನೆಂಟರು, ಸ್ನೇಹಿತರ ಮನೆಗೆ ಹೋದರೆ ಕಾಫಿಗಿಂತ ಮೊದಲು ನನ್ನ ಮುಂದೆ ಬರುವುದು ಇದೇ ಸಮಸ್ಯೆ. ನಾನು ನೋಡಿದ ಮಟ್ಟಿಗೆ ಪ್ರಿಂಟರ್ ನಿಜವಾಗಿ ಕೆಟ್ಟಿರುವುದು ಕಡಿಮೆ. ಕಂಪ್ಯೂಟರ್‌ಗೆ ಪ್ರಿಂಟರ್ ಇರುವ ಜಾಗ ಗೊತ್ತಾಗುತ್ತಿಲ್ಲ, ಅಷ್ಟೇ. ನಿಮ್ಮ ವಿಷಯದಲ್ಲಿ ನನ್ನ ಸಲಹೆ ಒಂದೇ: ಮಧ್ಯದ ಆ ಡೆಸ್ಕ್‌ಟಾಪನ್ನು ತೆಗೆಯಿರಿ. ಪ್ರಿಂಟರ್ ನೇರವಾಗಿ ರೌಟರ್‌ಗೆ ಸೇರಲಿ, ಅದಕ್ಕೊಂದು ಬದಲಾಗದ ವಿಳಾಸ ಇರಲಿ.

ಮೊದಲು ಡೆಸ್ಕ್‌ಟಾಪ್ ಯಾಕೆ ಬೇಡ ಅಂತ ಹೇಳುತ್ತೇನೆ. ಹೀಗೆ ಶೇರ್ ಮಾಡಿದಾಗ ಲ್ಯಾಪ್‌ಟಾಪ್ ಪ್ರಿಂಟರ್ ಜೊತೆ ಮಾತಾಡುವುದೇ ಇಲ್ಲ, ಡೆಸ್ಕ್‌ಟಾಪ್ ಜೊತೆ ಮಾತಾಡುತ್ತದೆ. ಡೆಸ್ಕ್‌ಟಾಪ್ ಸ್ಲೀಪ್‌ಗೆ ಹೋದರೆ ಪ್ರಿಂಟರ್ ಆಫ್‌ಲೈನ್. ಯಾವುದೋ ಅಪ್‌ಡೇಟ್ ಆದ ಮೇಲೆ ಅದರ ನೆಟ್‌ವರ್ಕ್ ‘ಪಬ್ಲಿಕ್’ (ನಂಬಬಾರದ ನೆಟ್‌ವರ್ಕ್) ಅಂತ ಆಗಿದ್ದರೆ ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್ ಬಾಗಿಲು ಮುಚ್ಚುತ್ತದೆ, ಆಗಲೂ ಆಫ್‌ಲೈನ್. ಲಾಗಿನ್ ಖಾತೆಗೆ ಪಾಸ್‌ವರ್ಡ್ ಇಲ್ಲದಿದ್ದರೆ ನೆಟ್‌ವರ್ಕ್ ಮೂಲಕ ಆ ಖಾತೆಯಲ್ಲಿ ಒಳಗೆ ಬರಲು ವಿಂಡೋಸ್ ಬಿಡುವುದಿಲ್ಲ. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಲ್ಯಾಪ್‌ಟಾಪ್ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿದಾಗ ದಿನಾ ಲಾಗಿನ್ ಆಗಲು ಬಳಸುವ ಪಿನ್ ಹಾಕಿದರೆ ಆಗುವುದಿಲ್ಲ. ಪಿನ್ ಆ ಒಂದು ಕಂಪ್ಯೂಟರ್‌ಗೆ ಮಾತ್ರ. ಅಲ್ಲಿ ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು, ಅದು ಸಾಮಾನ್ಯವಾಗಿ ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ!

ಇದಕ್ಕೆಲ್ಲ ಒಂದು ಸುಲಭದ ದಾರಿ ಹಿಂದೆ ಇತ್ತು. 2009ರಲ್ಲಿ ವಿಂಡೋಸ್ 7 ಜೊತೆ ‘ಹೋಮ್‌ಗ್ರೂಪ್’ ಬಂತು. ಒಂದು ಪಾಸ್‌ವರ್ಡ್ ಎಲ್ಲ ಕಂಪ್ಯೂಟರ್‌ಗಳಲ್ಲೂ ಹಾಕಿದರೆ ಫೈಲು, ಪ್ರಿಂಟರ್ ಎಲ್ಲ ಹಂಚಿಕೆ ಆಗುತ್ತಿತ್ತು. 2018ರಲ್ಲಿ ವಿಂಡೋಸ್ 10ರಿಂದ ಅದನ್ನು ತೆಗೆದುಹಾಕಿದರು. ಹಳೆಯ ವಿಡಿಯೊಗಳಲ್ಲಿ ಹೋಮ್‌ಗ್ರೂಪ್ ತೆರೆಯಿರಿ ಅಂತ ಹೇಳಿದರೆ ಹುಡುಕಬೇಡಿ, ಸಿಗುವುದಿಲ್ಲ.

ಆಮೇಲೆ 2021 ಬಂತು. ವಿಂಡೋಸ್‌ನಲ್ಲಿ ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿ ನಿಲ್ಲಿಸುವ ಪ್ರೋಗ್ರಾಂ ಹೆಸರು ಪ್ರಿಂಟ್ ಸ್ಪೂಲರ್. ಅದರಲ್ಲಿ ದೊಡ್ಡದೊಂದು ತೂತು ಸಿಕ್ಕಿತು. ಅದಕ್ಕೆ ‘ಪ್ರಿಂಟ್‌ನೈಟ್‌ಮೇರ್’ ಅಂತ ಹೆಸರಾಯಿತು. ಆ ದಾರಿಯಲ್ಲಿ ಹೊರಗಿನವರು ಕಂಪ್ಯೂಟರ್‌ನ ಪೂರ್ತಿ ಹಿಡಿತ ಪಡೆಯಬಹುದಿತ್ತು. ಜುಲೈನಲ್ಲಿ ತುರ್ತು ಅಪ್‌ಡೇಟ್ ಬಂತು. ಆಗಸ್ಟ್‌ನ ಅಪ್‌ಡೇಟ್ ನಂತರ ಶೇರ್ ಆದ ಪ್ರಿಂಟರ್‌ನ ಡ್ರೈವರ್ (ಪ್ರಿಂಟರ್ ನಡೆಸುವ ಪ್ರೋಗ್ರಾಂ) ಹಾಕಿಕೊಳ್ಳಲು ಅಡ್ಮಿನ್ ಅನುಮತಿ ಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಇನ್ನೊಂದು ಬಿಗಿ ಬಂದು, ನೆಟ್‌ವರ್ಕ್ ಪ್ರಿಂಟರ್ ಜೋಡಿಸುವಾಗ ಕೊನೆಯಲ್ಲಿ 11ಬಿ ಅಂತ ಇರುವ ಎರರ್ ಎಲ್ಲೆಲ್ಲೂ ಕಾಣಿಸಿಕೊಂಡಿತು. 2022ರಲ್ಲಿ ಬಂದ ವಿಂಡೋಸ್ 11ರ 22ಎಚ್2 ಆವೃತ್ತಿ, ಪ್ರಿಂಟ್‌ಗಾಗಿ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ರೀತಿಯನ್ನೇ ಬದಲಾಯಿಸಿತು. 24ಎಚ್2 ಬಂದಾಗ ಪ್ರೊ ಆವೃತ್ತಿಯಲ್ಲೂ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ನಿಂತಿತು. ಸುರಕ್ಷತೆಯ ದೃಷ್ಟಿಯಿಂದ ಇವೆಲ್ಲ ಸರಿಯೇ. ಆದರೆ ಮನೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್, ಒಂದು ಹೊಸ ಲ್ಯಾಪ್‌ಟಾಪ್ ಇದ್ದವರಿಗೆ ನಿನ್ನೆ ಬರುತ್ತಿದ್ದ ಪ್ರಿಂಟ್ ಇವತ್ತು ಬರುವುದಿಲ್ಲ. ಯಾಕೆ ಅಂತ ಯಾರೂ ಹೇಳುವುದೂ ಇಲ್ಲ.

11ಬಿ ಎರರ್‌ಗೆ ನೆಟ್‌ನಲ್ಲಿ ಒಂದು ಮದ್ದು ಓಡಾಡುತ್ತದೆ: ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯವನ್ನು ಸೊನ್ನೆ ಮಾಡಿ ಅಂತ. ಅದು ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಸ್ಪೂಲರ್‌ನ ಇನ್ನೊಂದು ತೂತು ಮುಚ್ಚಲು ಹಾಕಿದ ತೇಪೆಯನ್ನೇ ಕಿತ್ತ ಹಾಗಾಗುತ್ತದೆ. ನಾನು ಯಾರ ಮನೆಯಲ್ಲೂ ಅದನ್ನು ಮಾಡುವುದಿಲ್ಲ. ಎರಡೂ ಕಂಪ್ಯೂಟರ್‌ಗಳಿಗೆ ಅಪ್‌ಡೇಟ್ ಹಾಕಿ ನೋಡುವುದು ಮೊದಲ ಕೆಲಸ.

ಈಗ ನಿಜವಾದ ಪರಿಹಾರಕ್ಕೆ ಬರೋಣ. ನಿಮ್ಮ ಪ್ರಿಂಟರ್‌ಗೆ ವೈ-ಫೈ ಹೆಸರು ಕಾಣದಿರುವುದಕ್ಕೆ ಹೆಚ್ಚು ಸಾಧ್ಯತೆ ಇರುವ ಕಾರಣ ಬ್ಯಾಂಡ್, ಅಂದರೆ ವೈ-ಫೈ ಬಳಸುವ ರೇಡಿಯೊ ತರಂಗದ ಶ್ರೇಣಿ. ಮನೆಗೆ ತರುವ ಪ್ರಿಂಟರ್‌ಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ. 5 ಗಿಗಾಹರ್ಟ್ಸ್ ಅವುಗಳ ಕಣ್ಣಿಗೇ ಬೀಳುವುದಿಲ್ಲ. ರೌಟರ್ ಸೆಟ್ಟಿಂಗ್ಸ್‌ನಲ್ಲಿ 2.4 ಆನ್ ಇದೆಯಾ ನೋಡಿ. ಅದರ ಚಾನೆಲ್ 12 ಅಥವಾ 13 ಆಗಿದ್ದರೂ ಕೆಲವು ಉಪಕರಣಗಳಿಗೆ ಕಾಣುವುದಿಲ್ಲ, 1, 6, 11ರಲ್ಲಿ ಒಂದಕ್ಕೆ ಬದಲಾಯಿಸಿ. ಹೆಸರು ಕಂಡರೂ ಸೇರದಿದ್ದರೆ ಸೆಕ್ಯುರಿಟಿ ನೋಡಿ. ವೈ-ಫೈಗೆ ಬೀಗ ಹಾಕುವ ಪದ್ಧತಿ ಬರೀ ಡಬ್ಲ್ಯುಪಿಎ3 ಆಗಿದ್ದರೆ ಹಳೆಯ ಪ್ರಿಂಟರ್‌ಗಳು ಸೇರುವುದಿಲ್ಲ, ಡಬ್ಲ್ಯುಪಿಎ2 ಮತ್ತು 3 ಎರಡೂ ಇರುವ ಆಯ್ಕೆ ಹಾಕಿ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಪ್ರಿಂಟರ್ 2.4ರಲ್ಲಿದ್ದರೆ ಲ್ಯಾಪ್‌ಟಾಪ್ ಕೂಡ 2.4ರಲ್ಲೇ ಇರಬೇಕು ಅಂತ ಜನ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ರೌಟರ್ ಒಂದೇ ಆದರೆ ಎರಡು ಬ್ಯಾಂಡ್‌ಗಳೂ ಒಂದೇ ನೆಟ್‌ವರ್ಕ್. ಕೆಲವು ಪ್ರಿಂಟರ್ ಆ್ಯಪ್‌ಗಳು ಮೊದಲ ಸಲ ಸೆಟಪ್ ಮಾಡುವಾಗ ಮಾತ್ರ ಫೋನ್ 2.4ರಲ್ಲಿ ಇರಲಿ ಎನ್ನುತ್ತವೆ, ಆಮೇಲೆ ಎಲ್ಲಿದ್ದರೂ ಸರಿ. ಪ್ರಿಂಟರ್‌ಗೆ ಲ್ಯಾನ್ ಕೇಬಲ್ ಹಾಕುವ ಜಾಗ ಇದ್ದರೆ, ಅದು ರೌಟರ್ ಹತ್ತಿರವೂ ಇದ್ದರೆ, ಈ ವೈ-ಫೈ ಪುರಾಣವೇ ಬೇಡ, ಕೇಬಲ್ ಹಾಕಿಬಿಡಿ.

ಪ್ರಿಂಟರ್ ನೆಟ್‌ವರ್ಕ್‌ಗೆ ಸೇರಿದ ಮೇಲೆ ಜಾಸ್ತಿ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಮತ್ತೆ ಸ್ವಲ್ಪ ದಿನಕ್ಕೆ ಆಫ್‌ಲೈನ್ ಬರುತ್ತದೆ. ಯಾಕೆಂದರೆ ರೌಟರ್ ಎಲ್ಲ ಉಪಕರಣಗಳಿಗೂ ಐಪಿ ವಿಳಾಸವನ್ನು, ಅಂದರೆ ನೆಟ್‌ವರ್ಕ್‌ನಲ್ಲಿ ಅವುಗಳ ಮನೆ ನಂಬರನ್ನು, ಬಾಡಿಗೆಗೆ ಕೊಟ್ಟ ಹಾಗೆ ಕೊಡುತ್ತದೆ. ಅವಧಿ ಮುಗಿದಾಗ ಬಾಡಿಗೆದಾರ ಮನೆಯಲ್ಲಿ ಇಲ್ಲದಿದ್ದರೆ ಆ ಮನೆ ಬೇರೆಯವರಿಗೆ ಹೋಗಬಹುದು. ಪ್ರಿಂಟರನ್ನು ನಾಲ್ಕು ದಿನ ಆಫ್ ಮಾಡಿಟ್ಟಿರಿ ಅನ್ನಿ. ಅದರ 192.168.1.20 ಅಷ್ಟರಲ್ಲಿ ಯಾರದೋ ಫೋನ್‌ಗೆ ಸಿಕ್ಕಿರುತ್ತದೆ. ಪ್ರಿಂಟರ್ ಎದ್ದು ಬೇರೆ ವಿಳಾಸ ತೆಗೆದುಕೊಳ್ಳುತ್ತದೆ. ಕಂಪ್ಯೂಟರ್ ಮಾತ್ರ ಹಳೆಯ ವಿಳಾಸದ ಬಾಗಿಲು ಬಡಿಯುತ್ತಲೇ ಇರುತ್ತದೆ.

ಇದಕ್ಕೆ ರೌಟರ್‌ನಲ್ಲಿ ‘ಅಡ್ರೆಸ್ ರಿಸರ್ವೇಶನ್’ ಅಂತ ಒಂದು ಜಾಗ ಇರುತ್ತದೆ, ವಿಳಾಸ ಹಂಚುವ ಡಿಎಚ್‌ಸಿಪಿ ಸೆಟ್ಟಿಂಗ್ಸ್ ಒಳಗೆ. ಪ್ರಿಂಟರ್‌ನ ಮ್ಯಾಕ್ ವಿಳಾಸ (ತಯಾರಿಸುವಾಗಲೇ ಕೊಟ್ಟ ಗುರುತಿನ ಸಂಖ್ಯೆ) ಹಾಕಿ ಒಂದು ಐಪಿಯನ್ನು ಅದಕ್ಕೇ ಕಾಯಂ ಮಾಡಿ. ಪ್ರಿಂಟರ್‌ನ ನೆಟ್‌ವರ್ಕ್ ಮೆನುವಿನಿಂದ ರಿಪೋರ್ಟ್ ಪ್ರಿಂಟ್ ಮಾಡಿದರೆ ಮ್ಯಾಕ್ ವಿಳಾಸ ಅದರಲ್ಲಿ ಇರುತ್ತದೆ. ಗಮನಿಸಿ, ವೈ-ಫೈಗೆ ಒಂದು ಮ್ಯಾಕ್, ಲ್ಯಾನ್ ಕೇಬಲ್‌ಗೆ ಇನ್ನೊಂದು. ಬಳಸುತ್ತಿರುವುದನ್ನೇ ಹಾಕಬೇಕು.

ಆಮೇಲೆ ವಿಂಡೋಸ್ ಕಡೆ. ಪ್ರಿಂಟರನ್ನು ತಾನಾಗಿ ಹುಡುಕಲು ಬಿಟ್ಟರೆ ವಿಂಡೋಸ್ ಹಲವು ಸಲ ‘ಡಬ್ಲ್ಯುಎಸ್‌ಡಿ’ ಅನ್ನುವ ಪೋರ್ಟ್‌ಗೆ ಜೋಡಿಸುತ್ತದೆ. ಇದು ಪ್ರಿಂಟರನ್ನು ಪ್ರತಿ ಸಲ ಕೂಗಿ ಹುಡುಕುವ ವ್ಯವಸ್ಥೆ. ಪ್ರಿಂಟರ್ ನಿದ್ದೆಯಲ್ಲಿದ್ದು ಓಗೊಡದಿದ್ದರೆ ಆಫ್‌ಲೈನ್ ಅಂತ ತೋರಿಸುತ್ತದೆ. ನನಗೆ ಇದರ ಮೇಲೆ ನಂಬಿಕೆಯೇ ಇಲ್ಲ. ಆ ಪ್ರಿಂಟರನ್ನು ಡಿಲೀಟ್ ಮಾಡಿ. ಮತ್ತೆ ಸೇರಿಸುವಾಗ ಕೈಯಾರೆ ಸೇರಿಸುವ ಆಯ್ಕೆ ತೆಗೆದುಕೊಳ್ಳಿ, ‘ಟಿಸಿಪಿ/ಐಪಿ ಡಿವೈಸ್’ ಅಂತ ಆರಿಸಿ, ನೀವು ಕಾಯಂ ಮಾಡಿದ ವಿಳಾಸ ಬರೆಯಿರಿ. ಆಗ ಕಂಪ್ಯೂಟರ್ ಆ ವಿಳಾಸದ 9100ನೇ ಪೋರ್ಟ್‌ಗೆ ನೇರ ಹೋಗುತ್ತದೆ.

ಇಷ್ಟಾದರೂ ಪ್ರಿಂಟರ್ ಆನ್ ಇದ್ದು, ಬ್ರೌಸರ್‌ನಲ್ಲಿ ಅದರ ಐಪಿ ಹೊಡೆದರೆ ಪುಟ ತೆರೆಯುತ್ತಿದ್ದು, ವಿಂಡೋಸ್ ಮಾತ್ರ ಆಫ್‌ಲೈನ್ ಅನ್ನುತ್ತಿದ್ದರೆ ಪ್ರಿಂಟರ್ ಪ್ರಾಪರ್ಟೀಸ್, ಪೋರ್ಟ್ಸ್, ಕಾನ್ಫಿಗರ್ ಪೋರ್ಟ್ ಅಂತ ಹೋಗಿ. ಅಲ್ಲಿ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಅಂತ ಟಿಕ್ ಇರುತ್ತದೆ. ತೆಗೆದುಬಿಡಿ. ಆ ಟಿಕ್ ಇದ್ದರೆ ವಿಂಡೋಸ್ ಪ್ರಿಂಟರ್‌ಗೆ ‘ಹೇಗಿದ್ದೀಯ’ ಅಂತ ಬೇರೆ ದಾರಿಯಲ್ಲಿ ಕೇಳುತ್ತದೆ. ಉತ್ತರ ಬರದಿದ್ದರೆ ಸತ್ತಿದೆ ಅಂದುಕೊಳ್ಳುತ್ತದೆ. ಇಷ್ಟು ಚಿಕ್ಕ ಟಿಕ್‌ಗಾಗಿ ಜನ ಪ್ರಿಂಟರ್ ಬದಲಾಯಿಸಿದ್ದನ್ನು ನೋಡಿದ್ದೇನೆ.

ಇನ್ನು ಮನೆಯಲ್ಲಿ ಎರಡು ನೆಟ್‌ವರ್ಕ್ ಇರುವ ಕಾಟ. ಇಂಟರ್‌ನೆಟ್ ಕಂಪನಿ ಕೊಟ್ಟ ಡಬ್ಬಿಯೇ ಒಂದು ರೌಟರ್. ಅದಕ್ಕೆ ನಾವೇ ತಂದ ಇನ್ನೊಂದು ರೌಟರ್ ಜೋಡಿಸಿರುತ್ತೇವೆ. ಪ್ರಿಂಟರ್ ಒಂದರಲ್ಲಿ, ಲ್ಯಾಪ್‌ಟಾಪ್ ಇನ್ನೊಂದರಲ್ಲಿ ಇದ್ದರೆ ಒಂದೇ ಕೋಣೆಯಲ್ಲಿದ್ದರೂ ಒಂದಕ್ಕೊಂದು ಕಾಣುವುದಿಲ್ಲ. ಎರಡರ ಐಪಿಯನ್ನೂ ನೋಡಿ. ಒಂದು 192.168.0 ಅಂತ, ಇನ್ನೊಂದು 192.168.1 ಅಂತ ಶುರುವಾದರೆ ಕಳ್ಳ ಸಿಕ್ಕ. ಎರಡನೆಯ ರೌಟರನ್ನು ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ ಹಾಕಿ, ಆಗ ಅದು ಬೇರೆ ನೆಟ್‌ವರ್ಕ್ ಮಾಡದೆ ಮೊದಲನೆಯದನ್ನೇ ಹರಡುತ್ತದೆ. ಗೆಸ್ಟ್ ವೈ-ಫೈನಲ್ಲಿ ಇರುವ ಫೋನ್‌ಗೂ ಇದೇ ಗತಿ. ಅದು ಮನೆಯ ಉಪಕರಣಗಳಿಂದ ದೂರ ಇಡಲೆಂದೇ ಇರುವುದು. ಆಫೀಸಿನ ವಿಪಿಎನ್ ಆನ್ ಇರುವ ಲ್ಯಾಪ್‌ಟಾಪ್ ಕೂಡ ಹಲವು ಸಲ ಪಕ್ಕದ ಪ್ರಿಂಟರನ್ನು ನೋಡಲಾರದು. ವಿಪಿಎನ್ ಎಲ್ಲವನ್ನೂ ಆಫೀಸಿನ ಕಡೆ ಕಳಿಸುತ್ತಿರುತ್ತದೆ. ಸುಮ್ನೆ ಒಮ್ಮೆ ಡಿಸ್‌ಕನೆಕ್ಟ್ ಮಾಡಿ ಪ್ರಿಂಟ್ ಕೊಟ್ಟು ನೋಡಿ.

ಫೋನ್‌ಗಳ ವಿಷಯ ಸುಲಭ. ಪ್ರಿಂಟರ್ ನೇರವಾಗಿ ನೆಟ್‌ವರ್ಕ್‌ಗೆ ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಐಫೋನ್‌ಗಳಲ್ಲಿ 2010ರಿಂದ, ಬೇರೆ ಆ್ಯಪ್ ಇಲ್ಲದೆ ಪ್ರಿಂಟ್ ಕೊಡುವ ಏರ್‌ಪ್ರಿಂಟ್ ಇದೆ. ಆಂಡ್ರಾಯ್ಡ್‌ನಲ್ಲಿ 8ನೇ ಆವೃತ್ತಿಯಿಂದ ಪ್ರಿಂಟ್ ಸೇವೆ ಒಳಗೇ ಬರುತ್ತದೆ, ಸಾಲದಿದ್ದರೆ ಮೊಪ್ರಿಯ ಅನ್ನುವ ಆ್ಯಪ್ ಇದೆ. ಗೂಗಲ್ ಕ್ಲೌಡ್ ಪ್ರಿಂಟ್ ಬಳಸಿ ಅಂತ ಯಾರಾದರೂ ಹೇಳಿದರೆ ಅದು 2020ರ ಕೊನೆಗೇ ನಿಂತುಹೋಯಿತು. ‘ಡೈರೆಕ್ಟ್’ ಅಂತ ಶುರುವಾಗುವ ವೈ-ಫೈ ಹೆಸರು ಕಂಡರೆ ಅದು ಪ್ರಿಂಟರಿನದೇ. ಅದಕ್ಕೆ ಸೇರಿದರೆ ಪ್ರಿಂಟ್ ಬರಬಹುದು, ಆದರೆ ಫೋನ್ ಮನೆಯ ವೈ-ಫೈ ಬಿಟ್ಟಿರುತ್ತದೆ. ಒಂದು ಸಲದ ಕೆಲಸಕ್ಕೆ ಸರಿ, ದಿನಾ ಬೇಡ.

ಇದನ್ನು ಓದುತ್ತಿರುವ ಬೇರೆಯವರ ಹತ್ತಿರ ಬರೀ ಯುಎಸ್‌ಬಿ ಇರುವ ಪ್ರಿಂಟರ್ ಇರಬಹುದು. ಕೆಲವು ರೌಟರ್‌ಗಳ ಯುಎಸ್‌ಬಿ ಜಾಗಕ್ಕೆ ಅದನ್ನು ಹಾಕಬಹುದು. ಪ್ರಿಂಟ್ ಬರುತ್ತದೆ, ಆದರೆ ಸ್ಕ್ಯಾನ್, ಇಂಕ್ ಎಷ್ಟಿದೆ ಅನ್ನುವ ಮಾಹಿತಿ ಇವೆಲ್ಲ ಹಲವು ಸಲ ಸಿಗುವುದಿಲ್ಲ. ನನಗೆ ಇಷ್ಟವಾದ ದಾರಿ ರಾಸ್‌ಬೆರಿ ಪೈ ತರಹದ ಪುಟ್ಟ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಹಾಕಿ ‘ಕಪ್ಸ್’ ಅನ್ನುವ ಪ್ರಿಂಟ್ ಪ್ರೋಗ್ರಾಂ ನಡೆಸುವುದು. ಅದು ಏರ್‌ಪ್ರಿಂಟ್‌ನಂತೆ ಹಂಚುವುದರಿಂದ ಫೋನ್‌ಗಳಿಗೂ ಕಾಣುತ್ತದೆ. ಆದರೆ ನಿಮ್ಮ ಮಾದರಿಗೆ ಆ ಚಿಪ್‌ನಲ್ಲಿ ಓಡುವ ಡ್ರೈವರ್ ಇದೆಯಾ ಅಂತ ಮೊದಲೇ ನೋಡಿ. ಅಗ್ಗದ ಲೇಸರ್ ಪ್ರಿಂಟರ್‌ಗಳಲ್ಲಿ ಎಷ್ಟೋ ಸಲ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಒಂದು ಸಮಾಧಾನ ಹೇಳುತ್ತೇನೆ. ಈ ಸಿಟ್ಟು ಹೊಸದಲ್ಲ. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ ಕೆಲಸ ಮಾಡುತ್ತಿದ್ದ ಲ್ಯಾಬ್‌ಗೆ ಜೆರಾಕ್ಸ್‌ನ ಲೇಸರ್ ಪ್ರಿಂಟರ್ ಬಂತು. ಕಾಗದ ಸಿಕ್ಕಿಕೊಂಡರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಳೆಯ ಪ್ರಿಂಟರ್‌ನ ಪ್ರೋಗ್ರಾಂ ತಿದ್ದಿ, ಕಾಗದ ಸಿಕ್ಕಿಕೊಂಡಾಗ ಕಾಯುತ್ತಿರುವವರಿಗೆ ಸುದ್ದಿ ಹೋಗುವಂತೆ ಅವರು ಮಾಡಿದ್ದರು. ಹೊಸದರ ಕೋಡ್ ಸಿಗಲಿಲ್ಲ. ಆ ಸಿಟ್ಟೂ ಸೇರಿ 1983ರಲ್ಲಿ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್ ಕಟ್ಟುವ ಗ್ನು ಯೋಜನೆಯನ್ನು ಅವರು ಘೋಷಿಸಿದರು. ನಮ್ಮ ಸಿಟ್ಟು ಪ್ರಿಂಟರ್ ಆಫ್ ಮಾಡಿ ಆನ್ ಮಾಡುವುದರಲ್ಲೇ ಮುಗಿಯುತ್ತದೆ, ಅಲ್ವಾ?

ಸಾಲಿನಲ್ಲಿ ಸಿಕ್ಕಿಕೊಂಡ ಪ್ರಿಂಟ್ ಕ್ಯಾನ್ಸಲ್ ಕೊಟ್ಟರೂ ಹೋಗದಿದ್ದರೆ ‘ಸರ್ವಿಸಸ್’ ತೆರೆದು ಪ್ರಿಂಟ್ ಸ್ಪೂಲರ್ ನಿಲ್ಲಿಸಿ. ಸಿ ಡ್ರೈವ್‌ನ ವಿಂಡೋಸ್, ಅದರೊಳಗಿನ ಸಿಸ್ಟಂ32, ಅದರೊಳಗಿನ ಸ್ಪೂಲ್, ಅದರೊಳಗಿನ ಪ್ರಿಂಟರ್ಸ್ ಫೋಲ್ಡರ್ ಖಾಲಿ ಮಾಡಿ. ಫೋಲ್ಡರನ್ನು ಅಳಿಸಬೇಡಿ, ಒಳಗಿನ ಫೈಲುಗಳನ್ನು ಮಾತ್ರ. ಮತ್ತೆ ಸ್ಪೂಲರ್ ಶುರು ಮಾಡಿ.

ಎಲ್ಲ ಮುಗಿದ ಮೇಲೆ ಲ್ಯಾಪ್‌ಟಾಪ್‌ಗಳ ಪ್ರಿಂಟರ್ ಪಟ್ಟಿ ನೋಡಿ. ಡೆಸ್ಕ್‌ಟಾಪ್ ಮೂಲಕ ಬರುತ್ತಿದ್ದ ಹಳೆಯ ಪ್ರಿಂಟರ್, ‘ಕಾಪಿ 1’ ಅಂತ ಬಾಲ ಇರುವವು, ಎಲ್ಲ ಅಲ್ಲೇ ಕುಳಿತಿರುತ್ತವೆ. ಅವನ್ನು ತೆಗೆದುಹಾಕಿ. ಡೀಫಾಲ್ಟ್ ಪ್ರಿಂಟರನ್ನು ವಿಂಡೋಸೇ ಆರಿಸಲಿ ಅನ್ನುವ ಆಯ್ಕೆಯನ್ನೂ ಆಫ್ ಮಾಡಿ, ಐಪಿ ಹಾಕಿ ಸೇರಿಸಿದ್ದನ್ನು ಡೀಫಾಲ್ಟ್ ಮಾಡಿ. ಇಲ್ಲದಿದ್ದರೆ ಹೊಸ ದಾರಿ ಸರಿಯಾಗಿದ್ದರೂ ಪ್ರಿಂಟ್ ಹಳೆಯ ಸಾಲಿಗೇ ಹೋಗಿ ನಿಲ್ಲುತ್ತದೆ.